ವಿಮಾನ ಬಾರದ ಸಂಜೆ

2019ರ ಅಕ್ಟೋಬರ್ ತಿಂಗಳು. ವಾಯುಪಡೆಯಿಂದ ವಿಂಗ್ ಕಮಾಂಡರ್ ಆಗಿ ನಿವೃತ್ತನಾಗಿದ್ದ ನಾನು ಆಗ ಒಂದು ಪುಟ್ಟ ವಿಮಾನ ಕಂಪನಿಯ ಸಂಸ್ಥಾಪಕ ಮತ್ತು ವ್ಯವಸ್ಥಾಪಕ ನಿರ್ದೇಶಕ. ಹುದ್ದೆಯ ಹೆಸರು ಉದ್ದವಿತ್ತು, ಕಂಪನಿ ಚಿಕ್ಕದಿತ್ತು. ಒಂಬತ್ತು ಸೀಟಿನ ಎರಡು ವಿಮಾನ, ಎರಡು ಸೀಟಿನ ಒಂದು ತರಬೇತಿ ವಿಮಾನ, ಐದು ಮಂದಿ ಪೈಲಟ್‌ಗಳು, ಕೊಪ್ಪಳದ ಹೊರಗೆ ಬಾಡಿಗೆಗೆ ಪಡೆದ ಒಂದು ಖಾಸಗಿ ರನ್‌ವೇ, ಅದರ ಪಕ್ಕದಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರು ಮತ್ತು ಒಂದು ತಗಡಿನ ಶೆಡ್ಡು. ಆ ಶೆಡ್ಡಿನ ಅರ್ಧ ಭಾಗ ಕಚೇರಿ, ಇನ್ನರ್ಧ ಪ್ರಯಾಣಿಕರ ನಿರೀಕ್ಷಣಾ ಕೊಠಡಿ. ಸುತ್ತ ಸಜ್ಜೆ, ತೊಗರಿಯ ಹೊಲಗಳು.

ನಾನು ಯಲಬುರ್ಗಾ ಸೀಮೆಯ ಬೇವೂರಿನವನು. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವರು ಕಂಬ ಹತ್ತುವುದನ್ನು ಕೆಳಗೆ ನಿಂತು ನೋಡುತ್ತ ಬೆಳೆದವನಿಗೆ ಎತ್ತರ ಎಂದರೆ ಹೆದರಿಕೆ ಹುಟ್ಟಲೇ ಇಲ್ಲ. ಸೈನಿಕ ಶಾಲೆ, ಅಲ್ಲಿಂದ ವಾಯುಪಡೆ, ಆಮೇಲೆ ಮಿಗ್ ಯುದ್ಧವಿಮಾನ. ಕಾರ್ಗಿಲ್ ಯುದ್ಧದಲ್ಲಿ ನಾನು ಹಿಮದ ಶಿಖರಗಳ ಮೇಲೆ ಹಾರಿದವನು. ಇದನ್ನು ಕೇಳಿದವರೆಲ್ಲ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಆಗ ಹೆದರಿಕೆ ಆಗಲಿಲ್ಲೇನ್ರಿ?" ನಿಜ ಹೇಳಬೇಕೆಂದರೆ ಕಾಕ್‌ಪಿಟ್‌ನಲ್ಲಿ ಹೆದರಲು ಪುರುಸೊತ್ತೇ ಇರುವುದಿಲ್ಲ. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿಗೆ ಕೆಲಸ. ನನ್ನ ಇಡೀ ವೃತ್ತಿಜೀವನದ ಅತ್ಯಂತ ಹೆದರಿಕೆಯ ಹೊತ್ತು ಬಂದದ್ದು ಆಕಾಶದಲ್ಲಲ್ಲ, ಕೊಪ್ಪಳದ ಆ ತಗಡಿನ ಶೆಡ್ಡಿನಲ್ಲಿ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಮುಖ್ಯ ಮಾರ್ಗ ಕೊಪ್ಪಳ–ಹೈದರಾಬಾದ್. ವ್ಯಾಪಾರಿಗಳು, ಕಾರ್ಖಾನೆಯ ಎಂಜಿನಿಯರುಗಳು ನಮ್ಮ ಖಾಯಂ ಗಿರಾಕಿಗಳು. ಪ್ರತಿ ಹಾರಾಟದಲ್ಲಿ ಎರಡು ಸೀಟುಗಳನ್ನು ದೊಡ್ಡ ಆಸ್ಪತ್ರೆಗೆ ಹೋಗಿಬರುವ ಬಡ ರೋಗಿಗಳಿಗೆ ಬಿಟ್ಟಿರುತ್ತಿದ್ದೆವು. ಹದಗೆಟ್ಟ ರಸ್ತೆಯಲ್ಲಿ ಇಡೀ ದಿನ ಕುಲುಕಿಸಿಕೊಂಡು ಹೋಗುವ ಹೃದ್ರೋಗಿಗಳನ್ನು ನೋಡಿಯೇ ನಾನು ಈ ಕಂಪನಿಯ ಕನಸು ಕಂಡದ್ದು.

ಆ ದಿನ ಮಧ್ಯಾಹ್ನ ಹೈದರಾಬಾದಿನಿಂದ ಹೊರಟ ವಿಮಾನದಲ್ಲಿ ಆರು ಪ್ರಯಾಣಿಕರಿದ್ದರು. ಕ್ಯಾಪ್ಟನ್ ಶಾಲಿನಿ ನಮ್ಮಲ್ಲಿ ಅತ್ಯಂತ ಅನುಭವಿ ಪೈಲಟ್. ಮಾತು ಕಡಿಮೆ, ಲೆಕ್ಕ ಚೊಕ್ಕ. ಸಹ ಪೈಲಟ್ ಕಿರಣ್. ಹಾರಾಟ ಒಂದೂಕಾಲು ಗಂಟೆಯದು. ನಾಲ್ಕು ಗಂಟೆಯ ಸುಮಾರಿಗೆ ವಿಮಾನ ಕೊಪ್ಪಳದಲ್ಲಿ ಇಳಿಯಬೇಕಿತ್ತು.

ಶೆಡ್ಡಿನ ಉಸ್ತುವಾರಿ ಇಮ್ತಿಯಾಜ್ ಅವರದು. ಕುಷ್ಟಗಿಯವರು. ನಮ್ಮಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಖಾಸಗಿ ಬಸ್ಸುಗಳ ಬುಕಿಂಗ್ ಆಫೀಸು ನಡೆಸಿದವರು. ರೇಡಿಯೋ ಬಳಕೆಯ ತರಬೇತಿ ಪಡೆದು ಪರವಾನಗಿಯನ್ನೂ ತೆಗೆದುಕೊಂಡಿದ್ದರು. ಮೂರೂವರೆಯ ಹೊತ್ತಿಗೆ ಶಾಲಿನಿಯ ಧ್ವನಿ ರೇಡಿಯೋದಲ್ಲಿ ಬಂತು: ಎದುರಿಗೆ, ಗಂಗಾವತಿಯ ಮೇಲೆ, ದೊಡ್ಡ ಗುಡುಗು ಮೋಡ ಎದ್ದಿದೆ, ಬಲಕ್ಕೆ ತಿರುಗಿ, ಕುಷ್ಟಗಿ ಕಡೆಯಿಂದ ಸುತ್ತು ಹಾಕಿ ಬರುತ್ತೇನೆ. ಸರಿಯಾದ ನಿರ್ಧಾರ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅದಾದ ಮೇಲೆ ರೇಡಿಯೋ ಸುಮ್ಮನಾಯಿತು.

ನಾಲ್ಕಾಯಿತು. ಅಷ್ಟರಲ್ಲಿ ಮಳೆ ನಮ್ಮ ಮೇಲೂ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಒಳಗೆ ಮಾತು ಕೇಳಿಸುವುದಿಲ್ಲ. ಇಮ್ತಿಯಾಜ್ ರೇಡಿಯೋಗೆ ಬಾಯಿ ಹಚ್ಚಿ ಮತ್ತೆ ಮತ್ತೆ ವಿಮಾನದ ಸಂಕೇತಾಕ್ಷರಗಳನ್ನು ಕರೆಯುತ್ತಿದ್ದರು. ಉತ್ತರವಿಲ್ಲ. ಹೈದರಾಬಾದಿನ ವಾಯು ಸಂಚಾರ ನಿಯಂತ್ರಣಕ್ಕೆ ಫೋನ್ ಮಾಡಿದೆ. ಮೋಡದ ಕೆಳಗೆ ಉಳಿಯಲು ವಿಮಾನ ತೀರ ಕೆಳಗೆ ಇಳಿದಿತ್ತಂತೆ. ಅಷ್ಟು ಕೆಳಗೆ ಅವರ ರೇಡಾರ್‌ಗೆ ಕಾಣುವುದಿಲ್ಲ. ಅವರಿಗೂ ಗೊತ್ತಿಲ್ಲ.

ನಮ್ಮ ವೃತ್ತಿಯಲ್ಲಿ ವಿಮಾನವೊಂದು ಸುದ್ದಿಯಿಲ್ಲದೆ ತಡವಾದರೆ ಮೂರು ಹಂತಗಳಿವೆ. ಮೊದಲನೆಯದು ಅನಿಶ್ಚಿತ ಹಂತ: ಎಲ್ಲಿದೆ ಎಂದು ವಿಚಾರಿಸಬೇಕು. ಎರಡನೆಯದು ಎಚ್ಚರಿಕೆಯ ಹಂತ: ರಕ್ಷಣಾ ಪಡೆಯವರು ಸಿದ್ಧರಾಗಬೇಕು. ಮೂರನೆಯದು ಸಂಕಟದ ಹಂತ: ವಿಮಾನ ಬಿದ್ದಿದೆ ಎಂದೇ ತಿಳಿದು ಹುಡುಕಬೇಕು. ಮೊದಲ ಹಂತವನ್ನು ಘೋಷಿಸಲು ನಿಯಂತ್ರಣದವರಿಗೆ ನಾನೇ ಹೇಳಿದೆ. ಹೇಳುವಾಗ ನನ್ನ ಧ್ವನಿ ಬೇರೆ ಯಾರದೋ ಧ್ವನಿಯಂತೆ ಕೇಳಿಸಿತು.

ಬಾಗಿಲಿನ ಆಚೆ, ನಿರೀಕ್ಷಣಾ ಕೊಠಡಿಯಲ್ಲಿ, ಹತ್ತು ಹನ್ನೆರಡು ಜನ ಕೂತಿದ್ದರು. ಅವರಲ್ಲಿ ಇಬ್ಬರ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬರು ಗಂಗಾವತಿಯ ಬೀಜದ ವ್ಯಾಪಾರಿ ವೆಂಕಟರಾವ್. ಅವರ ಮಗಳು ಎಂಟು ತಿಂಗಳ ಕೂಸಿನೊಂದಿಗೆ ತವರಿಗೆ ಬರುತ್ತಿದ್ದಳು. ಇನ್ನೊಬ್ಬರು ಕುಕನೂರಿನ ಶಾಂತವ್ವ, ಹೊಲದ ಕೂಲಿ ಮಾಡುವಾಕೆ. ಆಕೆಯ ಗಂಡ ಯಮನೂರಪ್ಪ ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ತಮ್ಮನ ಜೊತೆ ವಾಪಸ್ ಬರುತ್ತಿದ್ದ. ಆಕೆ ಬೆಳಗಿನ ಬಸ್ಸಿಗೇ ಬಂದು, ರೊಟ್ಟಿಯ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

ಬೆಂಗಳೂರಿನಲ್ಲಿದ್ದ ನನ್ನ ಪಾಲುದಾರರಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಗಾಬರಿಬಿದ್ದಿದ್ದರು. "ಹವಾಮಾನದಿಂದ ತಡ ಅಂತಷ್ಟೇ ಹೇಳಿ. ಒಂದು ಮಾತೂ ಹೆಚ್ಚು ಬೇಡ. ಮಾಧ್ಯಮದವರು ಬಂದರೆ ಕಂಪನಿ ಕಥೆ ಮುಗೀತು," ಎಂದರು.

ನಾನು ಹೊರಗೆ ಬಂದು ಹಾಗೆಯೇ ಹೇಳಿದೆ. ಹವಾಮಾನ, ತಡ. ವೆಂಕಟರಾವ್ ಎದ್ದು ನಿಂತರು. "ತಡ ಅಂದ್ರ ಎಲ್ಲಿ ತಡ ಸಾರ್? ಬಸ್ಸಾದ್ರ ಕಾರಟಗಿಯಾಗ ನಿಂತೈತಿ, ಸಿಂಧನೂರಾಗ ನಿಂತೈತಿ ಅಂತ ಹೇಳ್ತಾರ. ನಿಮ್ಮ ವಿಮಾನ ಈಗ ಎಲ್ಲಿ ನಿಂತೈತಿ?"

ಉತ್ತರವಿಲ್ಲದ ಮನುಷ್ಯ ಮಾಡುವುದನ್ನೇ ನಾನೂ ಮಾಡಿದೆ. ಕೆಲಸ ಹುಡುಕಿದೆ. ಹ್ಯಾಂಗರಿನಲ್ಲಿ ನಮ್ಮ ಎರಡು ಸೀಟಿನ ತರಬೇತಿ ವಿಮಾನ ನಿಂತಿತ್ತು. ಮಳೆ ಸ್ವಲ್ಪ ಸಡಿಲಾಗಿತ್ತು. ಕುಷ್ಟಗಿ ಕಡೆ ಹೋಗಿ ಒಂದು ಸುತ್ತು ಹುಡುಕಿ ಬರೋಣ ಎಂದು ಹೆಡ್‌ಸೆಟ್ ತೆಗೆದುಕೊಂಡು ಹೊರಟೇಬಿಟ್ಟೆ. ಹೊರಟ ಕೂಡಲೇ ಎದೆ ಹಗುರಾಯಿತು. ಮೂವತ್ತು ವರ್ಷದ ಅಭ್ಯಾಸ. ಆಪತ್ತು ಬಂದರೆ ಕಾಲುಗಳು ತಾವಾಗಿಯೇ ವಿಮಾನದತ್ತ ನಡೆಯುತ್ತವೆ.

ಇಮ್ತಿಯಾಜ್ ಹಿಂದೆ ಓಡಿ ಬಂದರು. "ಸಾಬ್, ಆ ಮೋಡ ನೋಡ್ರಿ. ಅದರಾಗ ಆ ಸಣ್ಣ ವಿಮಾನ ಹೋಗತೈತೇನ್ರಿ? ಮತ್ತ ನೀವು ಹೋದ್ರ ಇಲ್ಲಿ ಇವರ ಕೂಡ ಮಾತಾಡೋರು ಯಾರು?"

"ನೀವು ಮಾತಾಡ್ರಿ ಇಮ್ತಿಯಾಜ್," ಎಂದೆ. ನಿಲ್ಲಲಿಲ್ಲ.

ಶಾಂತವ್ವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಕೇಳಿದಳು: "ನೀವೂ ಹೊಂಟ್ರೇನ್ರಿ ಸಾಹೇಬ್ರ? ಅಂದ್ರ ನಾವು ಇನ್ನ ನಿಮ್ಮನ್ನೂ ಕಾಯಬೇಕೇನ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದು. ನನ್ನ ಕಾಲುಗಳು ನಿಂತುಹೋದವು.

ಆ ಕ್ಷಣದಲ್ಲಿ ನನಗೆ ನನ್ನ ಹೆಂಡತಿಯ ನೆನಪಾಯಿತು. ಯುದ್ಧದ ದಿನಗಳಲ್ಲಿ ವಾಯುನೆಲೆಯ ವಸತಿಗೃಹಗಳಲ್ಲಿ ನಮ್ಮ ಹೆಂಡಂದಿರು ಇರುತ್ತಿದ್ದರು. ಪೈಲಟ್‌ನ ಸಾವಿನ ಸುದ್ದಿ ತರುವ ಕಮಾಂಡಿಂಗ್ ಆಫೀಸರ್ ಅವರ ಜೀಪು ಆ ಬೀದಿಗೆ ತಿರುಗಿದರೆ ಎಲ್ಲ ಹೆಂಗಸರೂ ಕಿಟಕಿಗೆ ಬಂದು, ಅದು ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂದು ನೋಡುತ್ತಿದ್ದರಂತೆ. ಒಂದು ದಿನ ಅದು ನಮ್ಮ ಪಕ್ಕದ ಮನೆಯ ಮುಂದೆ ನಿಂತಿತು. ಆ ಮನೆಯ ಪೈಲಟ್ ನನ್ನ ಜೊತೆಯೇ ಹಾರಿದ್ದವನು. ಈ ಸಂಗತಿಯನ್ನು ಹೆಂಡತಿ ಬಹಳ ವರ್ಷಗಳ ನಂತರ ಒಮ್ಮೆ ಹೇಳಿದ್ದಳು, ನಾನೂ ಹೂಂಗುಟ್ಟಿದ್ದೆ. ಆದರೆ ಆ ಕಿಟಕಿಯ ಹಿಂದೆ ನಿಲ್ಲುವುದು ಎಂದರೇನೆಂದು ನನಗೆ ತಿಳಿದಿರಲಿಲ್ಲ. ನಾನು ಯಾವಾಗಲೂ ಹೋದವನು. ಕಾದವನಲ್ಲ.

ಹೆಡ್‌ಸೆಟ್ಟನ್ನು ಇಮ್ತಿಯಾಜ್ ಕೈಗೆ ಕೊಟ್ಟು ಒಳಗೆ ಬಂದೆ. ಎಲ್ಲರನ್ನೂ ಹತ್ತಿರ ಕರೆದೆ. ಪಾಲುದಾರರ ಮಾತನ್ನು ಪಕ್ಕಕ್ಕಿಟ್ಟು, ಗೊತ್ತಿದ್ದುದನ್ನೆಲ್ಲ ಹೇಳಿದೆ. ಕೊನೆಯ ಮಾತು ಎಲ್ಲಿಂದ ಬಂತು, ಶಾಲಿನಿ ಯಾವ ಕಡೆ ತಿರುಗಿದರು, ರೇಡಿಯೋ ಏಕೆ ಸುಮ್ಮನಾಗಿರಬಹುದು, ಎಲ್ಲ. ವಿಮಾನದಲ್ಲಿ ಇನ್ನೂ ಸುಮಾರು ಎರಡು ಗಂಟೆ ಹಾರುವಷ್ಟು ಇಂಧನವಿದೆ, ಆದರೆ ನಮ್ಮ ರನ್‌ವೇಯಲ್ಲಿ ದೀಪಗಳಿಲ್ಲ, ಕತ್ತಲಾದರೆ ಇಲ್ಲಿ ಇಳಿಯಲಾಗದು ಎಂಬುದನ್ನೂ ಹೇಳಿದೆ. "ಈಗ ವಿಮಾನ ಎಲ್ಲೈತಿ ಅಂತ ನನಗ ಗೊತ್ತಿಲ್ಲ. ಕಾಲು ತಾಸಿಗೊಮ್ಮೆ ಬಂದು ನನಗ ಏನು ಗೊತ್ತಾಗೇತಿ ಅನ್ನೋದನ್ನ ಹೇಳ್ತೀನಿ. ಏನೂ ಗೊತ್ತಾಗದಿದ್ರೂ ಬಂದು ಅದನ್ನ ಹೇಳ್ತೀನಿ. ಮುಚ್ಚಿಡೂದಿಲ್ಲ," ಎಂದೆ.

ವೆಂಕಟರಾವ್ ನನ್ನ ಅಂಗಿಯ ಎದೆಯ ಭಾಗವನ್ನು ಹಿಡಿದುಕೊಂಡರು. "ಗೊತ್ತಿಲ್ಲ ಅಂತ ಹೇಳಾಕ ನೀವ್ಯಾಕ ಬೇಕು? ಗೊತ್ತಿಲ್ಲ ಅನ್ನೂದು ನಮಗ ಗೊತ್ತಿಲ್ಲೇನು?" ಯಾರೋ ಅವರ ಕೈ ಬಿಡಿಸಿದರು. ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿದ್ದಿತ್ತು. ವೆಂಕಟರಾವ್ ಅವರೇ ಅದನ್ನು ಹೆಕ್ಕಿ, ಏನು ಮಾಡುವುದೆಂದು ತಿಳಿಯದೆ, ಕೈಯಲ್ಲಿ ಹಿಡಿದು ಕೂತರು.

ಇಮ್ತಿಯಾಜ್ ಅಷ್ಟರಲ್ಲಿ ತಮ್ಮದೇ ರೀತಿಯ ಶೋಧ ಶುರು ಮಾಡಿದ್ದರು. ಬಸ್ಸಿನ ಬುಕಿಂಗ್ ಆಫೀಸು ನಡೆಸಿದವರಿಗೆ ಪ್ರತಿ ಊರಿನ ಚಹಾ ಅಂಗಡಿ, ಗ್ಯಾರೇಜು, ಪೆಟ್ರೋಲ್ ಬಂಕು ಪರಿಚಯ. ಒಂದೊಂದಕ್ಕೇ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ವಿಮಾನದ ಸಪ್ಪಳ ಕೇಳೇತೇನ್ರೀ?" ಮಳೆಗೆ ಕರೆಂಟು ಹೋಗಿ ಎಷ್ಟೋ ಕಡೆ ಮೊಬೈಲ್ ಟವರುಗಳು ಸತ್ತಿದ್ದವು. ಆದರೂ ಕುಷ್ಟಗಿಯ ಒಂದು ಗ್ಯಾರೇಜಿನವನು, ಹೌದು, ಮೋಡದ ಕೆಳಗೆ ಹಾದುಹೋಗಿದ್ದನ್ನು ಕಣ್ಣಾರೆ ಕಂಡೆ ಎಂದ. ಆ ಸುದ್ದಿಯನ್ನು ಕೊಠಡಿಗೆ ಹೋಗಿ ಹೇಳಿದಾಗ ಜನ ಸಮಾಧಾನದ ಉಸಿರು ಬಿಟ್ಟರು. ಶಾಂತವ್ವ ರೊಟ್ಟಿಯ ಗಂಟು ಬಿಚ್ಚಿ, ಎಲ್ಲರಿಗೂ ಮುರಿದು ಕೊಡತೊಡಗಿದಳು.

ಅದಾದ ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಬೇವೂರಿನಿಂದ, ನನ್ನ ದೊಡ್ಡಪ್ಪನ ಮಗ ಶರಣಪ್ಪ. ಇಮ್ತಿಯಾಜ್ ಅವರ ಪ್ರಶ್ನೆ ಊರಿಂದೂರಿಗೆ ಹಬ್ಬಿ ಅವನವರೆಗೂ ಹೋಗಿತ್ತು.

"ತಮ್ಮಾ, ವಿಮಾನದ ಸಪ್ಪಳ ಕೇಳಿತ್ತೋ. ಭಾಳ ಕೆಳಗ. ನಮ್ಮ ಹೊಲದ ಮ್ಯಾಲೇ ಹಾದಂಗಾತು."

"ಯಾವ ಕಡೆ ಹೋತಣ್ಣ?"

"ಹೋತೋ ಇಲ್ಲೋ ಗೊತ್ತಿಲ್ಲೋ ತಮ್ಮಾ. ಸಪ್ಪಳ ಒಮ್ಮಿಗೇ ನಿಂತುಬಿಡ್ತು. ಮಳಿ ಜೋರೈತಿ, ಏನೂ ಕಾಣವಲ್ದು. ಹುಡುಗರನ್ನ ಕರಕೊಂಡು ಹೊಲದ ಕಡೆ ಹೊಂಟೀನಿ."

ಫೋನ್ ಇಟ್ಟ ಮೇಲೆ ನಾನು ಕುರ್ಚಿಯಿಂದ ಏಳಲಿಲ್ಲ. ಎಂಜಿನ್ನಿನ ಸದ್ದು ಒಮ್ಮೆಗೇ ನಿಲ್ಲುವುದು ಎಂದರೇನು ಎಂದು ಪೈಲಟ್‌ಗೆ ಯಾರೂ ವಿವರಿಸಬೇಕಾಗಿಲ್ಲ. ಬೇವೂರಿನ ಆ ಕಪ್ಪು ಮಣ್ಣಿನ ಹೊಲಗಳು ನನಗೆ ಗೊತ್ತು. ಮಳೆಯಲ್ಲಿ ಅವು ಎತ್ತಿನ ಗಾಡಿಯನ್ನೇ ನುಂಗುತ್ತವೆ. ಎಂಟು ಜೀವ. ಅದರಲ್ಲೊಂದು ಎಂಟು ತಿಂಗಳದ್ದು. ಕಾಲು ತಾಸು ಮುಗಿಯುತ್ತ ಬಂದಿತ್ತು. ಬಾಗಿಲಿನ ಆಚೆ ಅವರು ರೊಟ್ಟಿ ತಿನ್ನುತ್ತಿದ್ದರು.

ಹೇಳಬೇಕೋ ಬೇಡವೋ? ಕುಷ್ಟಗಿಯ ಸುದ್ದಿಯನ್ನು ಹೇಳಿದವನು ಬೇವೂರಿನದನ್ನು ಮುಚ್ಚಿಟ್ಟರೆ ಅದು ಸುಳ್ಳೇ ಆಗುತ್ತದೆ. ಹೇಳಿದರೆ, ಖಚಿತವಿಲ್ಲದ ಒಂದು ಮಾತಿನಿಂದ ಅವರನ್ನು ಕೊಂದಂತಾಗುತ್ತದೆ. ಇಮ್ತಿಯಾಜ್ ನನ್ನ ಮುಖವನ್ನೇ ನೋಡುತ್ತಿದ್ದರು. "ಮುಚ್ಚಿಡೂದಿಲ್ಲ ಅಂದೀರಿ ಸಾಬ್," ಎಂದರು, ಅಷ್ಟೇ.

ಹೋಗಿ ಹೇಳಿದೆ. ಕೇಳಿಸಿದ್ದನ್ನು ಕೇಳಿಸಿದಂತೆ ಹೇಳಿದೆ. "ಮಳಿಯಾಗ ಗಾಳಿ ತಿರುಗಿದ್ರ ದೂರ ಹೋದ ವಿಮಾನದ ಸಪ್ಪಳನೂ ಹಂಗ ನಿಂತಂಗ ಕೇಳಸ್ತೈತಿ. ಬಿದ್ದೈತಿ ಅಂತ ಯಾರೂ ಕಂಡಿಲ್ಲ," ಎಂದೆ. ಅದು ಸತ್ಯವೇ. ಆದರೆ ಆ ಹೊತ್ತಿಗೆ ನಾನೇ ಅದನ್ನು ನಂಬಿರಲಿಲ್ಲ.

ಶಾಂತವ್ವ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಮತ್ತೆ ಬಟ್ಟೆಯೊಳಗಿಟ್ಟು ಗಂಟು ಕಟ್ಟಿದಳು. ವೆಂಕಟರಾವ್ ಎದ್ದು, "ಬೇವೂರು ಯಾವ ದಾರಿ?" ಎಂದು ಕೇಳಿದರು. ಕಾರಿನ ಕೀಲಿ ಹಿಡಿದು ಆಗಲೇ ಬಾಗಿಲಿಗೆ ಹೋಗಿದ್ದರು. ನಮ್ಮ ಡ್ರೈವರನನ್ನು ಅವರ ಜೊತೆ ಕಳಿಸಿದೆ. ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ ತಿಳಿಸಿದೆ. ನಿಯಂತ್ರಣ ಕೊಠಡಿಯವರು ಎರಡನೆಯ ಹಂತವನ್ನು ಘೋಷಿಸಿದರು.

ಅದಾದ ಮೇಲಿನ ಹೊತ್ತು ಹೇಗೆ ಹೋಯಿತೆಂದು ಹೇಳಲಾರೆ. ಹೇಳಲು ಹೊಸದೇನೂ ಇಲ್ಲದೆ ಎರಡು ಸಲ ಕೊಠಡಿಗೆ ಹೋಗಿ "ಏನೂ ಗೊತ್ತಾಗಿಲ್ಲ" ಎಂದು ಹೇಳಿ ಬಂದೆ. ಆ ಹತ್ತು ಹೆಜ್ಜೆ ನಡೆಯುವುದಕ್ಕಿಂತ ಶತ್ರುವಿನ ಕ್ಷಿಪಣಿಯ ಎದುರು ಹಾರುವುದು ಸುಲಭ. ಎರಡನೆಯ ಸಲ ಹೋದಾಗ ಶಾಂತವ್ವ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. "ಕುಂದರ್ರಿ, ಎಷ್ಟ ಅಡ್ಡಾಡ್ತೀರಿ," ಎಂದಳು. ನಾನು ಕೂತೆ. ಮಳೆ ನಿಂತಿತ್ತು. ಪಡುವಣದಲ್ಲಿ ಮೋಡದ ಅಂಚು ಕೆಂಪಾಗುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು.

ಆಗ ಇಮ್ತಿಯಾಜ್ ಕಚೇರಿಯಿಂದ ಓಡಿ ಬಂದರು. ಯಲಬುರ್ಗಾ ಬಸ್ ನಿಲ್ದಾಣದಿಂದ ಪರಿಚಯದ ಕಂಡಕ್ಟರ್ ಒಬ್ಬ ಫೋನ್ ಮಾಡಿದ್ದ. ಕುಕನೂರು ಕಡೆಯಿಂದ ಬಂದ ಪ್ರಯಾಣಿಕರು ಏನೋ ಹೇಳುತ್ತಿದ್ದಾರಂತೆ: ಅಲ್ಲಿ ಹೊಸದಾಗಿ ಮಾಡುತ್ತಿರುವ, ಇನ್ನೂ ತೆರೆಯದ ಬೈಪಾಸ್ ರಸ್ತೆಯ ಮೇಲೆ ಒಂದು ವಿಮಾನ ನಿಂತಿದೆ.

"ನಿಂತೈತೋ, ಬಿದ್ದೈತೋ?" ನಾನು ಬಹುಶಃ ಕೂಗಿದೆ.

"ನಿಂತೈತಿ ಅಂತಾನ್ರಿ. ಅವನೂ ಕಂಡಿಲ್ಲ, ಮಂದಿ ಹೇಳಿದ್ದು."

ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು. ಜನ ಎದ್ದು ನಿಂತರು. "ತಡೀರಿ. ಇದು ಕೇಳಿದ ಮಾತು, ಕಂಡ ಮಾತಲ್ಲ," ಎಂದೆ. ಬೇವೂರಿನ ಹೊಲಗಳಲ್ಲಿ ಶರಣಪ್ಪನಿಗೂ ತಮಗೂ ಏನೂ ಕಾಣಲಿಲ್ಲವೆಂದು ಆಗಷ್ಟೇ ಫೋನಿನಲ್ಲಿ ಹೇಳಿದ್ದ ವೆಂಕಟರಾವ್ ಯಲಬುರ್ಗಾ ಕಡೆ ಹೊರಟಿದ್ದರು. ಅವರಿಗೆ ಫೋನ್ ಮಾಡಿ ಕುಕನೂರಿನ ದಾರಿ ಹಿಡಿಯಲು ಹೇಳಿದೆ. ನಡುವೆಯೇ ಸಂಪರ್ಕ ಕಡಿದುಹೋಯಿತು.

ಸೂರ್ಯ ಮುಳುಗುವ ಹೊತ್ತಿಗೆ ನನ್ನ ಫೋನ್ ಮತ್ತೆ ರಿಂಗಾಯಿತು. ವೆಂಕಟರಾವ್ ಅವರ ನಂಬರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಒಂದು ಕೂಸಿನ ಅಳು. ಜೋರಾದ, ಹಸಿದ, ಸಿಟ್ಟಿನ ಅಳು. ಆಮೇಲೆ ಶಾಲಿನಿಯ ಧ್ವನಿ: "ಸರ್, ಎಂಟೂ ಜನ ಕ್ಷೇಮ. ಕಿರಣ್‌ನ ಮಣಿಕಟ್ಟು ಮುರಿದಿದೆ. ವಿಮಾನ... ವಿಮಾನ ಉಳಿಸಲಾಗಲಿಲ್ಲ ಸರ್."

ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಎತ್ತಿ ಹಿಡಿದೆ. ಪ್ರಯಾಣಿಕರ ಹೆಸರುಗಳನ್ನು ಒಂದೊಂದಾಗಿ ಹೇಳಲು ಶಾಲಿನಿಗೆ ಹೇಳಿದೆ. ಯಮನೂರಪ್ಪನ ಹೆಸರು ಬಂದಾಗ ಶಾಂತವ್ವ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ವಿಷಯ ಪೂರ್ತಿ ತಿಳಿದವಳಂತೆ ತಲೆಯೆತ್ತಿದಳು.

"ಎಲ್ಲಿ ಇಳಿಸ್ಯಾರಂದ್ರಿ? ಕುಕನೂರಾಗ?"

"ಹೌದಮ್ಮ."

"ಅಯ್ಯ ಶಿವನ! ನಮ್ಮ ಮನಿ ಬಾಜೂಕ ಇಳಿಸಿ, ನನ್ನ ಇಲ್ಲಿಗಂಟ ಯಾಕ ಕರಸಿದ್ರಿ?"

ಇಡೀ ಕೊಠಡಿ ನಕ್ಕಿತು. ಅಳುತ್ತಲೇ ನಕ್ಕಿತು. ಇಮ್ತಿಯಾಜ್ ಗೋಡೆಯ ಕಡೆ ಮುಖ ಮಾಡಿ ನಿಂತರು.

ನಡೆದದ್ದು ಇಷ್ಟು. ಕುಷ್ಟಗಿ ಹತ್ತಿರ ಸಿಡಿಲು ವಿಮಾನಕ್ಕೆ ತಗುಲಿತ್ತು. ಎಂಜಿನ್ ನಡೆಯುತ್ತಿತ್ತು, ಆದರೆ ವಿದ್ಯುತ್ ವ್ಯವಸ್ಥೆ ಸತ್ತು ರೇಡಿಯೋ ಮತ್ತು ಮುಖ್ಯ ಉಪಕರಣಗಳೆಲ್ಲ ಕಪ್ಪಾದವು. ಉಪಕರಣವಿಲ್ಲದೆ ಮೋಡದೊಳಗೆ ನುಗ್ಗಿದರೆ ಸಾವು ಖಚಿತ. ನೆಲ ಕಣ್ಣಿಗೆ ಕಾಣುವಷ್ಟು ಕೆಳಗೇ ಉಳಿದು, ಮಳೆ ತೆರವಾದ ಕಡೆಗೆಲ್ಲ ತಿರುಗುತ್ತ ಶಾಲಿನಿ ಬೇವೂರು ದಾಟಿ, ಮಂಗಳೂರು ಎಂಬ ಹಳ್ಳಿಯ ಮೇಲೆ ಹಾದು ಕುಕನೂರು ಮುಟ್ಟಿದ್ದರು. ಶರಣಪ್ಪನಿಗೆ ಸಪ್ಪಳ ನಿಂತಂತೆ ಕೇಳಿಸಿದ್ದು ಗಾಳಿ ತಿರುಗಿದ್ದಕ್ಕೇ. ಕೊಪ್ಪಳದ ದಿಕ್ಕು ಪೂರ್ತಿ ಮುಚ್ಚಿತ್ತು. ಹುಬ್ಬಳ್ಳಿಯ ದಿಕ್ಕಿನಲ್ಲಿ ಇನ್ನೊಂದು ಮೋಡ ಎದ್ದಿತ್ತು. ಕೆಳಗೆ ಖಾಲಿ ರಸ್ತೆ ಕಂಡಿತು. ಎರಡು ಸಲ ಮೇಲೆ ಹಾದು ಪರೀಕ್ಷಿಸಿ ಇಳಿಸಿದರು. ಬದಿಯಲ್ಲಿದ್ದ ಜಲ್ಲಿಯ ಗುಡ್ಡೆಗೆ ಎಡಗಡೆಯ ಚಕ್ರ ಬಡಿದು ರೆಕ್ಕೆ ನೆಲಕ್ಕೆ ಒರಗಿತು. ಆಗ ಅಲ್ಲಿ ಯಾವ ಫೋನೂ ಕೆಲಸ ಮಾಡುತ್ತಿರಲಿಲ್ಲ; ವೆಂಕಟರಾವ್ ಅಲ್ಲಿಗೆ ಮುಟ್ಟುವ ಹೊತ್ತಿಗಷ್ಟೇ ಕರೆಂಟು ಬಂದು ಟವರು ಎದ್ದಿತ್ತು. ರೋಗಿಯನ್ನು, ಕೂಸನ್ನು ಬಿಟ್ಟು ಬರಲಾಗದೆ ಶಾಲಿನಿ ದಾರಿಯಲ್ಲಿ ಬಂದವರ ಕೈಯಲ್ಲಿ ಸುದ್ದಿ ಕಳಿಸಿದ್ದರು.

ನಾನು ಉಳಿದವರನ್ನೆಲ್ಲ ವ್ಯಾನಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದಾಗ ಅರ್ಧ ಕುಕನೂರೇ ರಸ್ತೆಯ ಮೇಲಿತ್ತು. ಶಾಲಿನಿ ಸೆಲ್ಯೂಟ್ ಹೊಡೆಯುವಂತೆ ನೇರ ನಿಂತು ವರದಿ ಒಪ್ಪಿಸಲು ಬಾಯಿ ತೆರೆದರು. ವರದಿ ಆಮೇಲೆ ಎಂದು ನಾನು ಅವರ ಕೈ ಹಿಡಿದುಕೊಂಡೆ. ವೆಂಕಟರಾವ್ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದು, ಜೇಬಿನಿಂದ ನನ್ನ ಅಂಗಿಯ ಗುಂಡಿ ತೆಗೆದು ಕೈಗಿಟ್ಟರು. "ನೀವು ಬೇವೂರಂತ ಹೇಳಿದ್ದಕ್ಕ ನಾನು ಈ ಕಡೆ ಬಂದೆ ಸಾರ್. ಇಲ್ಲದಿದ್ರ ಅಲ್ಲೇ ಕುಂತು ಸತ್ತುಹೋಗ್ತಿದ್ದೆ," ಎಂದರು.

ತನಿಖೆ ನಡೆಯಿತು. ಶಾಲಿನಿಯ ನಿರ್ಧಾರ ಸರಿ ಎಂದೇ ವರದಿ ಬಂತು. ಒಂದು ವಿಮಾನ ಕಳೆದುಕೊಂಡ ಕಂಪನಿ ಕೆಲವು ತಿಂಗಳು ಮುಚ್ಚಿ, ಮತ್ತೆ ಕುಂಟುತ್ತ ಎದ್ದಿತು. ಪಾಲುದಾರರು ದೂರವಾದರು. ಇಮ್ತಿಯಾಜ್ ಉಳಿದರು. ಈಗ ನಮ್ಮ ಪ್ರತಿ ನಿಲ್ದಾಣದಲ್ಲೂ, ವಿಮಾನ ತಡವಾದಾಗ ಕಾಯುವವರ ಹತ್ತಿರ ಹೋಗಿ ಮಾತಾಡುವುದಕ್ಕೆಂದೇ ಒಬ್ಬರಿರುತ್ತಾರೆ. ಆ ನಿಯಮವನ್ನು ಬರೆದದ್ದು ಇಮ್ತಿಯಾಜ್.

ಹೊಸ ಪೈಲಟ್‌ಗಳು ಸೇರಿದಾಗ ಯುದ್ಧದ ಕಥೆ ಹೇಳಿ ಎಂದು ಕೇಳುತ್ತಾರೆ. ಹೇಳುವುದಿಲ್ಲ. ಹಾರಿಸುವುದನ್ನು ಅವರಿಗೆ ಬೇರೆಯವರು ಕಲಿಸಿರುತ್ತಾರೆ. ನನ್ನ ವೃತ್ತಿ ನನಗೆ ಕೊನೆಯಲ್ಲಿ ಕಲಿಸಿದ್ದು, ವಿಮಾನದಲ್ಲಿ ಕೂತವರಷ್ಟೇ ಅಲ್ಲ, ಅವರಿಗಾಗಿ ಕೆಳಗೆ ಕೂತವರೂ ಪೈಲಟ್‌ನ ಪ್ರಯಾಣಿಕರು ಎಂಬುದನ್ನು. ಅದಕ್ಕೇ ಮೊದಲ ಹಾರಾಟಕ್ಕೆ ಮುಂಚೆ ಹೊಸಬರನ್ನು ಸಮವಸ್ತ್ರವಿಲ್ಲದೆ ಒಂದು ಇಡೀ ದಿನ ನಿರೀಕ್ಷಣಾ ಕೊಠಡಿಯಲ್ಲಿ ಕಾಯುವವರ ನಡುವೆ ಕೂರಿಸುತ್ತೇನೆ. ಗೊಣಗುತ್ತಾರೆ. ಕಳೆದ ತಿಂಗಳು ಸೇರಿದವಳೊಬ್ಬಳು ಕೇಳಿಯೇಬಿಟ್ಟಳು: "ಸರ್, ಅಲ್ಲಿ ಕೂತು ನಾನೇನು ಮಾಡಬೇಕು?"

"ಏನೂ ಮಾಡಬೇಡ," ಎಂದೆ. "ಅವರು ಆಕಾಶ ನೋಡುವುದನ್ನು ನೋಡು."